ಇಪ್ಪತ್ತು ಬಿದ್ದ ದಾಳ

ನನಗೆ ಆಟದಲ್ಲಿ ಶಿಸ್ತು ಬೇಕು. ಶಿಕಾರಿಪುರದಲ್ಲಿ ಗಿರೀಶನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ನಾವು ಐದು ಜನ ಸೇರುತ್ತಿದ್ದೆವು. ಕೋಟೆ, ರಾಕ್ಷಸರು, ನಿಧಿ ಎಲ್ಲ ಇರುವ ಕಥೆಯ ಆಟ. ಕಥೆ ಕಟ್ಟುವವಳು ನಾನು, ಹೈಸ್ಕೂಲಿನಲ್ಲಿ ಗಣಿತ ಹೇಳುವ ಶರಣ್ಯಾ. ಉಳಿದವರದು ಒಂದೊಂದು ಪಾತ್ರ: ಯೋಧ, ಕಳ್ಳ, ವೈದ್ಯ, ಮಾಟಗಾತಿ. ಯಾರು ಏನು ಮಾಡಬೇಕೆಂದರೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಇಪ್ಪತ್ತು ಬಿದ್ದರೆ ಕೇಳಿದ್ದು ಆಗಲೇಬೇಕು. ವಾರದ ನಡುವೆ ಆಟ ವಾಟ್ಸಾಪ್ ಗುಂಪಿನಲ್ಲಿ ಮುಂದುವರಿಯುತ್ತಿತ್ತು. ಅಲ್ಲಿ ಮನೆ ಮಾತು ಬೇಡವೇ ಬೇಡ, ಪಾತ್ರವಾಗಿಯೇ ಬರೆಯಬೇಕು ಎಂಬುದು ನನ್ನ ಕಟ್ಟಪ್ಪಣೆ. ತಪ್ಪಿದವರನ್ನು ಮುಖಮೂತಿ ನೋಡದೆ ಬೈಯುತ್ತಿದ್ದೆ.

ಮಾಟಗಾತಿ ನಮ್ಮ ರಂಜನಾ. ಸೊರಬದಿಂದ ಬಸ್ಸಿನಲ್ಲಿ ಬರುತ್ತಿದ್ದ ಡಿಗ್ರಿ ಹುಡುಗಿ, ನಗು ಬಂದರೆ ಕೈಯಲ್ಲಿದ್ದ ಮಂಡಕ್ಕಿಯನ್ನೆಲ್ಲ ಚೆಲ್ಲುವವಳು. ಹೋದ ಭಾನುವಾರ ಅವಳ ಮಾಟಗಾತಿ ಕೋಟೆಯ ಸೆರೆಮನೆಗೆ ಬಿದ್ದಿದ್ದಳು. ಅವಳ ಪಾತ್ರದ ಹಾಳೆಯ ಮೇಲೆ ನಾನೇ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದೆ: "ಮೂರು ಶಾಪ. ಕುರುಡು, ಜ್ವರ, ಸಾವು."

ಗುರುವಾರ ಬೆಳಿಗ್ಗೆ ಗುಂಪಿನಲ್ಲಿ ಅವಳ ಸಂದೇಶ ಬಂತು. "ಅಕ್ಕಾ, ನನ್ನ ಕೂಡಿ ಹಾಕಿದಾರೆ. ಮಂತ್ರವಾದಿ ಬರ್ತಾನಂತೆ. ಬೇಗ ಬನ್ನಿ."

ಅಕ್ಕಾ ಎಂದದ್ದಕ್ಕೇ ನನಗೆ ಸಿಟ್ಟು ಬಂತು. "ಕೋಟೆಯಲ್ಲಿ ಯಾವ ಅಕ್ಕನೂ ಇಲ್ಲ. ದಾಳ ಹಾಕು," ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ಫೋಟೊ ಬಂತು. ಕಿಟಕಿಯ ಕಟ್ಟೆಯ ಮೇಲೆ ದಾಳ, ಇಪ್ಪತ್ತು ಬಿದ್ದಿದೆ. "ಬಿತ್ತು ಅಕ್ಕಾ. ಈಗಲಾದ್ರೂ ಬನ್ನಿ."

"ಶಹಬ್ಬಾಸ್! ಬೀಗ ಕಳಚಿ ಬಿತ್ತು. ಉಳಿದದ್ದು ಭಾನುವಾರ," ಎಂದು ಬರೆದು ಕ್ಲಾಸಿಗೆ ಹೋದೆ. ಅಯ್ಯೋ, ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಊಟದ ಬಿಡುವಿನಲ್ಲಿ, ಭಾನುವಾರ ಯಾವ ಬಸ್ಸಿಗೆ ಬರುತ್ತಾಳೆಂದು ಕೇಳಲು ಫೋನ್ ಮಾಡಿದೆ. ಎತ್ತಿದ್ದು ಅವಳ ಅಪ್ಪ ಚಿದಂಬರ.

"ಮಾಟ ಕಲಿಸಿದೋಳು ನೀನೇನಾ? ನಮ್ಮ ಸೊಸೆ ಮೂರು ದಿನದಿಂದ ಜ್ವರದಲ್ಲಿ ಬಿದ್ದಿದಾಳೆ. ಇವಳ ಹಾಸಿಗೆ ಕೆಳಗೆ ಕಾಗದ ಸಿಕ್ಕಿದೆ. ಕೆಂಪಕ್ಷರದಲ್ಲಿ ಜ್ವರ ಅಂತ ಬರ್ದಿದೆ, ಅದರ ಪಕ್ಕ ಸಾವು ಅಂತ ಬರ್ದಿದೆ!"

ಶಾಲೆಯಿಂದ ನೇರ ಗಿರೀಶನ ಅಂಗಡಿಗೆ ಓಡಿದೆ. ಗಿರೀಶ ಅಂಗಡಿಯ ಶಟರ್ ಎಳೆದು ಬೈಕ್ ತೆಗೆದ. ಎಲ್ಲೂ ನಿಲ್ಲದೆ ಸೊರಬ ಮುಟ್ಟಿದೆವು.

ಮಂತ್ರವಾದಿ ಬಂದು ಹೋಗಿಯಾಗಿತ್ತು. ಜಗಲಿಯಲ್ಲಿ ನಿಂಬೆಹಣ್ಣಿನ ಹೋಳುಗಳು, ಮುರಿದ ಬೇವಿನ ಕೋಲು ಬಿದ್ದಿದ್ದವು. ಚಿದಂಬರರ ಕೈಯಲ್ಲಿ ನನ್ನ ಹಾಳೆಯಿತ್ತು.

"ಅದು ನನ್ನ ಬರಹ ರೀ. ಅದೊಂದು ಆಟ. ಅವಳದೇನೂ ತಪ್ಪಿಲ್ಲ, ಬೈಯೋದಿದ್ರೆ ನನಗೆ ಬೈಯಿರಿ," ಎಂದೆ. ದಾಳ, ಪಾತ್ರ, ನಿಯಮ ಎಲ್ಲ ಬಿಡಿಸಿ ಹೇಳಿದೆ. ಗಿರೀಶ ತನ್ನ ಯೋಧನ ಹಾಳೆ ತೋರಿಸಿದ. ಚಿದಂಬರ ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನೇ ಬೆಳಿಗ್ಗೆ ಬಂದು ಹೇಳಿದ್ರೆ ಕೇಳ್ತಿದ್ನಲ್ಲಮ್ಮ," ಎಂದು ಒಳಕೋಣೆಯ ಅಗಳಿ ತೆಗೆದರು.

ರಂಜನಾ ಗೋಡೆಗೊರಗಿ ಕೂತಿದ್ದಳು. ತೋಳಿನ ತುಂಬ ಬಾಸುಂಡೆ. ನನ್ನನ್ನು ಕಂಡು ಅಳಲಿಲ್ಲ, ಏಳಲೂ ಇಲ್ಲ. ನಾನು ಹತ್ತಿರ ಕೂತಾಗ ಮುಷ್ಟಿ ಬಿಚ್ಚಿ ದಾಳವನ್ನು ನನ್ನ ಅಂಗೈಗೆ ಹಾಕಿದಳು.

"ಇಪ್ಪತ್ತು ಬಿದ್ದಿತ್ತಲ್ಲ, ಮೇಡಂ," ಎಂದಳು.