ತಾಯಿ ಪಟ್ಟಿ

ನಾಟಿಯ ಕಾಲ. ಒಂದು ಹದ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಸಸಿಮನೆಯ ಮುಂದೆ ಬೆಳಕು ಹರಿಯುವ ಹೊತ್ತಿಗೇ ಜನ ಸೇರಿದ್ದರು. ಟೊಮೆಟೊ, ಎಲೆಕೋಸಿನ ಸಸಿಗಳ ತಟ್ಟೆಗಳನ್ನು ಇಬ್ಬರು ಹೆಂಗಸರು ಕೆಳಗಿನಿಂದ ದಾಟಿಸುತ್ತಿದ್ದರೆ, ಚಿಕ್ಕ ತನ್ನ ಪಿಕಪ್ಪಿನ ಮೇಲೆ ನಿಂತು ಹಲಗೆಗಳ ಅಂತಸ್ತಿನಲ್ಲಿ ಜೋಡಿಸುತ್ತಿದ್ದ. ಕೊನೆಯ ಸಾಲು ಇಟ್ಟು ಕೈ ಒರೆಸಿಕೊಳ್ಳುವಾಗ ಕಾಲ ಕೆಳಗೆಲ್ಲೋ ಒಣಕೊಂಬೆ ಮುರಿದಂಥ ಶಬ್ದ ಬಂತು. ಗಾಡಿ ದಣಿದ ಎಮ್ಮೆಯ ಹಾಗೆ ಎಡಗಡೆಗೆ ನಿಧಾನವಾಗಿ ಕೂತುಬಿಟ್ಟಿತು.

ಚಿಕ್ಕನಿಗೆ ಐವತ್ತೆರಡು ವರ್ಷ. ಅಣ್ಣನನ್ನು ಊರೆಲ್ಲ ದೊಡ್ಡ ಎಂದು ಕರೆದ ಮೇಲೆ ಇವನ ಪಾಲಿಗೆ ಉಳಿದದ್ದು ಆ ಹೆಸರು. ತಲೆ ನೆರೆತರೂ ಅದು ಬೆಳೆಯಲಿಲ್ಲ. ಅವನು ಇಳಿದು ಚಕ್ರದ ಹಿಂದೆ ತಲೆ ತೂರಿಸಿ ನೋಡಿದ. ಭಾರ ಹೊರುವ ಕಮಾನು ಪಟ್ಟಿಗಳು ಒಂದರ ಕೆಳಗೊಂದು ಏಳು. ಎಲ್ಲಕ್ಕೂ ಮೇಲಿನದು, ಎಲ್ಲಕ್ಕೂ ಉದ್ದದ್ದು, ಎರಡು ತುದಿಯಲ್ಲೂ ಸುರುಳಿ ಸುತ್ತಿಕೊಂಡು ಗಾಡಿಯನ್ನು ಹಿಡಿದಿರುವ ತಾಯಿ ಪಟ್ಟಿ, ನಡುಮಧ್ಯೆ ಎರಡು ತುಂಡಾಗಿತ್ತು.

"ನೀರು ಹಾಕಿದ ಮೇಲೆ ತುಂಬಿಸ್ಬೇಡಿ ಅಂತ ವರ್ಷಾವರ್ಷ ಬಡ್ಕೊಳ್ತೀನಿ," ಎಂದ. ನೀರು ಕುಡಿದ ತಟ್ಟೆ ಒಣ ತಟ್ಟೆಯ ಎರಡರಷ್ಟು ತೂಗುತ್ತದೆ.

"ಇವತ್ತು ಬಡ್ಕೊಂಡಿದ್ದು ನನಗೆ ಕೇಳಿಸಲೇ ಇಲ್ವಲ್ಲ," ಎಂದಳು ಸಸಿಮನೆಯ ಯಜಮಾನಿ. ನಿಜ, ಅವಸರಕ್ಕೆ ಬಿದ್ದು ಸುಮ್ಮನಿದ್ದವನು ಅವನೇ. "ನೋಡಪ್ಪಾ, ಇವತ್ತಿನದನ್ನ ಟ್ರ್ಯಾಕ್ಟರಲ್ಲಿ ಕಳಿಸ್ತೀನಿ. ನಾಳಿದ್ದು ಬೆಳಿಗ್ಗೆ ನಿನ್ನ ಗಾಡಿ ಇಲ್ಲಿ ನಿಂತಿರ್ಬೇಕು. ಇಲ್ಲಾಂದ್ರೆ ಪಟ್ಟಣದ ಗಾಡಿಯವರಿಗೆ ಹೇಳ್ತೀನಿ, ಈ ಹಂಗಾಮು ಪೂರ್ತಿ ಅವರದೇ. ಸಸಿಗೆ ನಿನ್ನ ಕಷ್ಟಸುಖ ಗೊತ್ತಾಗಲ್ಲ."

ನಾಟಿಯ ಐದಾರು ವಾರದ ಈ ಬಾಡಿಗೆಯಲ್ಲೇ ಚಿಕ್ಕನ ಮನೆ ಅರ್ಧ ವರ್ಷ ನಡೆಯುತ್ತಿತ್ತು.

ಮೆಕ್ಯಾನಿಕ್ ಬಂದು ಕುಕ್ಕರುಗಾಲಲ್ಲಿ ಕೂತು, ಮುರಿದ ತುದಿಯ ಮೇಲೆ ಬೆರಳಾಡಿಸಿದ. "ಹೊಸ ಪಟ್ಟಿ ಬೆಲೆ ಕೇಳಿದ್ರೆ, ಗಾಡಿ ಅದರ ಜೊತೆ ಪುಕ್ಕಟೆ ಬಂತು ಅಂದ್ಕೋಬೇಕು. ಅದೂ ತರ್ಸೋಕೆ ಹತ್ತು ದಿನ."

"ಬೆಸುಗೆ ಹಾಕಿದ್ರೆ?"

"ಈ ಉಕ್ಕಿಗೆ ಬೆಸುಗೆ ಹಾಕೋದೂ ಒಂದೇ, ಎಂಜಲು ಹಚ್ಚೋದೂ ಒಂದೇ. ಮೊದಲ ಭಾರಕ್ಕೇ ಕೈ ಕೊಡುತ್ತೆ." ಅವನು ಎದ್ದು ಮಂಡಿ ಕೊಡವಿಕೊಂಡ. "ಈ ಮಾದರಿ ಗುಜರಿಯಲ್ಲಿ ಸಿಗೋ ಕಾಲಾನೂ ಹೋಯ್ತು. ಇದರ ಅವಳಿ ಒಂದೇ ಒಂದು ಎಲ್ಲಿ ಉಳಿದಿದೆ ಅಂತ ನಾನು ನಿನಗೆ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಇಪ್ಪತ್ತಮೂರು ವರ್ಷದ ಹಿಂದೆ ಅಣ್ಣ ತಮ್ಮ ಇಬ್ಬರೂ ಒಂದೇ ವಾರ, ಒಂದೇ ನೀಲಿಯ ಎರಡು ಪಿಕಪ್ ಕೊಂಡಿದ್ದರು. ಮೂರು ವರ್ಷದ ಹಿಂದೆ ಅಣ್ಣನ ಕಣ್ಣಿನ ನರ ಒಣಗುತ್ತಾ ಬಂದು, ಬೆಳಕು ನೆರಳು ಇಷ್ಟೇ ಉಳಿದು, ಲೈಸೆನ್ಸು ಹೋಯಿತು. ಆ ವಾರವೇ ಚಿಕ್ಕ ಗುಜರಿಯವನನ್ನು ಕರೆದುಕೊಂಡು ಹೋಗಿದ್ದ. ಒಳ್ಳೆಯದಕ್ಕೇ ಹೋಗಿದ್ದ, ನಿಂತಲ್ಲಿ ತುಕ್ಕು ತಿನ್ನುವ ಬದಲು ಔಷಧಿಗಾದರೂ ನಾಲ್ಕು ಕಾಸು ಬರಲಿ ಎಂದು. ಆದರೆ ಕೇಳಿ ಹೋಗಿರಲಿಲ್ಲ. ಗುಜರಿಯವನು ಗಾಡಿಗೆ ಒಂದು ಸುತ್ತು ಬಂದು ಕಿಲೋ ಲೆಕ್ಕದಲ್ಲಿ ದರ ಹೇಳಿದಾಗ ಅಣ್ಣ ಕುರ್ಚಿಯಿಂದ ಏಳಲೂ ಇಲ್ಲ. "ನನ್ನನ್ನೂ ತಕ್ಕಡಿಗೆ ಹಾಕ್ಬಿಡು, ಒಂದೇ ಸಲಕ್ಕೆ ಮುಗಿಯುತ್ತೆ," ಎಂದಿದ್ದ. ಅವತ್ತಿಗೆ ಮಾತು ಕಡಿಯಿತು. ಮದುವೆ ಮನೆಗಳಲ್ಲಿ ಎದುರಾದರೆ ಚಿಕ್ಕ ಬಗ್ಗಿ ಚಪ್ಪಲಿ ಹುಡುಕುತ್ತಿದ್ದ. ಅಣ್ಣನಿಗೆ ಹೇಗೂ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಮುಂದಿಡುತ್ತಾ, "ನಾಳೆ ಬೆಳಿಗ್ಗೆ ಬರ್ತೀರಿ ಅಂತ ಅಕ್ಕನಿಗೆ ಹೇಳಿದ್ದೀನಿ," ಎಂದಳು.

"ಯಾವ ಅಕ್ಕ?"

"ಇನ್ಯಾವ ಅಕ್ಕ? ನಿಮ್ಮ ಅತ್ತಿಗೆ. ಜಗಳ ಆಡಿದ್ದು ಅಣ್ಣ ತಮ್ಮ. ವಾರಗಿತ್ತಿಯರು ಜಗಳ ಆಡೋದಾದ್ರೆ ನಮ್ಮದೇ ಕಾರಣ ಹುಡುಕ್ಕೋತೀವಿ."

ಮರುದಿನ ಬೆಳಿಗ್ಗೆ ಚಿಕ್ಕ ಅಚ್ಚಿಗೂ ಗಾಡಿಯ ತಳಕ್ಕೂ ನಡುವೆ ಮರದ ದಿಮ್ಮಿ ಕೊಟ್ಟು, ಸರಪಳಿ ಬಿಗಿದು, ಮೊದಲನೇ ಗೇರಿನಲ್ಲೇ ಹೊರಟ. ಮೂರು ಮೈಲಿ ದಾರಿಗೆ ಒಂದು ಗಂಟೆ. ಹೆಜ್ಜೆಹೆಜ್ಜೆಗೂ ಗಾಡಿ ನರಳುತ್ತಿತ್ತು. ಏನು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ ಬಂದ. ಅಂಗಳ ಸೇರಿ ಎಂಜಿನ್ ಆರಿಸಿದರೆ, ಜಗಲಿಯ ಮೇಲೆ ಬೇರೆತ್ತಲೋ ಮುಖ ಮಾಡಿ ಕೂತಿದ್ದ ಅಣ್ಣ ಹೇಳಿದ:

"ಎಡಗಡೆ. ಹಿಂದಿನದು. ತಾಯಿ ಪಟ್ಟಿ."

ಮೂರು ವರ್ಷದ ಮೇಲೆ ಬಂದ ಮೊದಲ ಮಾತು ಅದು. ಚಿಕ್ಕ ಜೋಡಿಸಿಕೊಂಡು ಬಂದದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. "ಹೌದು," ಎಂದ.

"ನೀರು ಹಾಕಿದ ಮೇಲೆ ತುಂಬಿಸ್ದೆ."

"ಹೌದು."

"ಬುದ್ಧಿ ಹೇಳಿದ್ದು ನಿನಗೆ, ನೆನಪಿರೋದು ನನಗೆ." ಅಣ್ಣ ಮೊಣಕಾಲು ಉಜ್ಜಿಕೊಂಡ. "ಅದಕ್ಕೆ ಇಲ್ಲಿಗ್ಯಾಕೆ ಬಂದೆ? ಇಲ್ಲಿರೋದು ಕಿಲೋ ಲೆಕ್ಕದ ಮಾಲು."

ಅಣ್ಣನ ಪಿಕಪ್ ಹಿತ್ತಲ ಗೋಡೆಗೆ ಒರಗಿದಂತೆ ನಿಂತಿತ್ತು. ಟೈರುಗಳಲ್ಲಿ ಗಾಳಿ ಇರಲಿಲ್ಲ, ಆದರೆ ಗಾಜು ಒರೆಸಿದ ಹಾಗಿತ್ತು. ಚಿಕ್ಕ ಅದನ್ನೇ ನೋಡುತ್ತಾ, ಅದಕ್ಕೇ ಹೇಳುವವನಂತೆ, "ಅವತ್ತು ಕೇಳಿ ಬರ್ಬೇಕಿತ್ತು. ತಪ್ಪು ನನ್ನದೇ," ಎಂದ.

ಒಳಗಿನಿಂದ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಬಾಗಿಲು ಎಲ್ಲಿದೆ ಅಂತ ನೆನಪಿತ್ತಲ್ಲ ಮೈದುನನಿಗೆ, ಸಂತೋಷ. ಆದ್ರೆ ಪಟ್ಟಿ ಕೊಡೋದು ಬಿಡೋದು ನಿಮ್ಮಿಬ್ಬರ ಕೈಯಲ್ಲಿಲ್ಲ. ಸೀಟಿನ ಮೇಲೆ ನನ್ನ ಕೋಳಿ ಕಾವಿಗೆ ಕೂತಿದೆ. ಹನ್ನೊಂದು ಮೊಟ್ಟೆ. ಇನ್ನು ಆರು ದಿನ ಗಾಡಿ ಅಲ್ಲಾಡೋ ಹಾಗಿಲ್ಲ."

ಚಿಕ್ಕ ಹೋಗಿ ಕಿಟಕಿಯಲ್ಲಿ ಇಣುಕಿದ. ಅಣ್ಣ ಇಪ್ಪತ್ತು ವರ್ಷ ಕೂತು ಗುಳಿ ಬಿದ್ದ ಸೀಟಿನಲ್ಲಿ, ಕಿತ್ತ ಸ್ಪಂಜಿನ ನಡುವೆ ಕಂದು ಬಣ್ಣದ ಕೋಳಿ ಗರಿ ಉಬ್ಬಿಸಿ ಕೂತಿತ್ತು. ಬಾಡಿಗೆ ವಸೂಲಿಗೆ ಬಂದವನನ್ನು ನೋಡುವ ಹಾಗೆ ಅವನನ್ನು ನೋಡಿತು. ಆರು ದಿನ. ಅವನ ಕೈಯಲ್ಲಿದ್ದದ್ದು ಇವತ್ತು ಒಂದೇ.

"ಹಾಗಾದ್ರೆ ಆಗಲ್ಲ ಬಿಡಿ," ಎಂದು ಅವನು ತಿರುಗಿದ.

"ಯಾಕೆ ಆಗಲ್ಲ?" ಅಣ್ಣ ಗೋಡೆ ಹಿಡಿದು ಎದ್ದು ನಿಂತಿದ್ದ. "ಜಾಕು ತಗೊಂಡು ಬಾ. ಅಲ್ಲಾಡಿಸದೆ ಬಿಚ್ಚೋಕೆ ಬರಲ್ಲ ಅಂತ ನಿನಗೆ ಯಾರು ಹೇಳಿಕೊಟ್ಟಿದ್ದು? ನಾನಂತೂ ಹೇಳಿಕೊಟ್ಟಿಲ್ಲ."

ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಉಣಿಸಿ, ಅದು ಇಳಿಯುವವರೆಗೆ ಚಹಾ ಕುಡಿದರು. ಆಮೇಲೆ ಜಾಕನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ಏರಿಸುತ್ತಾ, ಪ್ರತಿ ಬೆರಳೆತ್ತರಕ್ಕೂ ತಳದ ಕೆಳಗೆ ಒಂದೊಂದು ಹಲಗೆ ತುಂಡು ಕೊಟ್ಟರು. ಅತ್ತಿಗೆ ಕಿಟಕಿಯ ಬಳಿ ನಿಂತು ವರದಿ ಒಪ್ಪಿಸುತ್ತಿದ್ದಳು. "ಕತ್ತೆತ್ತಿದ್ಲು... ನಿಲ್ಲಿ, ನಿಲ್ಲಿ... ಹ್ಞಾಂ, ಕೂತ್ಲು." ಅಣ್ಣ ಗೋಣಿಚೀಲ ಹಾಸಿ ಗಾಡಿಯಡಿ ಅಂಗಾತ ಮಲಗಿ, ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡಿದ. ತೆರೆದರೆ ಮಬ್ಬು ಅಡ್ಡ ಬರುತ್ತದಂತೆ. ಅವನು ಕೈ ಚಾಚಿದರೆ ಯಾವ ಸ್ಪ್ಯಾನರ್ ಕೊಡಬೇಕೆಂದು ಚಿಕ್ಕನಿಗೆ ತಿಳಿಯುತ್ತಿತ್ತು; ಮೂರು ವರ್ಷದಲ್ಲಿ ಅದೊಂದು ಮರೆತಿರಲಿಲ್ಲ.

ಬಿಚ್ಚಿದ ಪಟ್ಟಿಗಳನ್ನು ಒಂದೊಂದಾಗಿ ಹಗ್ಗಕ್ಕೆ ತೂಗುಹಾಕಿ ಅಣ್ಣ ಸುತ್ತಿಗೆಯಿಂದ ತಟ್ಟಿದ. ಒಂದು ತಾಯಿ ಪಟ್ಟಿ ಟಣ್ಣೆಂದು ಬಹಳ ಹೊತ್ತು ಹಾಡಿತು. ಇನ್ನೊಂದೂ ಹಾಡಿತು. ಮೂರನೆಯದು, ಕೆಳಗಿನ ಗಿಡ್ಡ ಪಟ್ಟಿ, ಒಡಕು ಮಡಕೆಯ ಹಾಗೆ ದಬ್ ಎಂದಿತು.

"ಇದಕ್ಕೆ ಬಿರುಕಿದೆ."

ಚಿಕ್ಕ ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿದ. "ಏನೂ ಕಾಣಲ್ಲ."

"ಕಣ್ಣಿದ್ದೋರಿಗೆ ಅದೇ ಕಷ್ಟ. ಸೀಮೆಎಣ್ಣೆ ಹಚ್ಚಿ ಒರೆಸು. ಮೇಲೆ ಸುಣ್ಣದ ಪುಡಿ ಹಾಕು."

ಪುಡಿ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟರೆ, ಬಿರುಕಿನಲ್ಲಿ ಅಡಗಿದ್ದ ಎಣ್ಣೆ ಮೇಲೆ ಜಿನುಗಿ ಕೂದಲೆಳೆಯಂಥ ಗೆರೆ ಮೂಡಿತು. ಚಿಕ್ಕ ಆ ಪಟ್ಟಿಯನ್ನು ಮೂಲೆಗಿಟ್ಟ. ಅಣ್ಣ ನಕ್ಕದ್ದು ಅವನಿಗೆ ಕೇಳಿಸಿತು.

ಮುರಿದದ್ದು ಎಡಗಡೆಯದು ಮಾತ್ರ. ಆದರೂ ಎರಡೂ ಕಡೆಯ ತಾಯಿ ಪಟ್ಟಿ ಬದಲಾಗಬೇಕೆಂದು ಅಣ್ಣ ಹಟ ಹಿಡಿದ. "ಒಂದು ಕಾಲಿಗೆ ನಿನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು ಹಾಕ್ಕೊಂಡು ನಡೀತೀಯಾ?" ಚಿಕ್ಕನ ಗಾಡಿಯ ಉಳಿದ ಪಟ್ಟಿಗಳನ್ನು ಉಜ್ಜಿ, ನಡುನಡುವೆ ಗ್ರೀಸು ಸವರಿ ಮತ್ತೆ ಸೇರಿಸಿದರು. ಅಂಗಡಿಯಿಂದ ತರಬೇಕಾದದ್ದು ನಡುವಿನ ಬೋಲ್ಟು ಎರಡು, ಒಂದು ಡಬ್ಬಿ ಗ್ರೀಸು. ಎಲ್ಲ ಸೇರಿ ಇಬ್ಬರ ಕ್ಷೌರಕ್ಕಾಗುವಷ್ಟು ಖರ್ಚು. ಇತ್ತ ಅಣ್ಣನ ಗಾಡಿ ಹಲಗೆ ತುಂಡುಗಳ ಮೇಲೆ, ಮೊದಲಿಗಿಂತ ನೆಟ್ಟಗೆ, ಕೋಳಿಯ ಸಮೇತ ನಿಂತಿತು.

ಸಂಜೆ ನಾಲ್ಕರ ಹೊತ್ತಿಗೆ ಕೊನೆಯ ನಟ್ಟು ಬಿಗಿದಾಯಿತು. ಚಿಕ್ಕ ಕೈ ತೊಳೆದು, ಅಂಗಿಯ ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಅಣ್ಣನ ಅಂಗೈಗೆ ಮುಟ್ಟಿಸಿದ. ಅಣ್ಣ ಬೆರಳಿಂದ ನೋಟಿನ ಅಂಚು ಸವರಿ ವಾಪಸು ಕೊಟ್ಟ.

"ಬೇಡ. ಇಸ್ಕೊಂಡ್ರೆ ಮಾರಿದ ಹಾಗಾಗುತ್ತೆ."

"ಹಾಗಲ್ಲ ಅಣ್ಣ—"

"ಸಾಲ ಇರಲಿ ಅಂದೆ. ತೀರಿಸೋಕೆ ಅವಸರ ಮಾಡ್ಬೇಡ, ನಾನೇನೂ ಕೇಳಲ್ಲ. ನಡಿ, ಭಾರ ಹೇರದೆ ಪಟ್ಟಿ ಗುಣ ಗೊತ್ತಾಗಲ್ಲ."

ಕೋಳಿಗೂಡು ಕಟ್ಟಲೆಂದು ಮೂರು ವರ್ಷದಿಂದ ಒಟ್ಟಿದ್ದ ಇಟ್ಟಿಗೆಗಳನ್ನು ಗಾಡಿಗೆ ತುಂಬಿದರು. "ಅಂತೂ ಆ ಇಟ್ಟಿಗೆ ಜಾಗ ಬಿಟ್ಟು ಕದಲಿದ್ದನ್ನ ನೋಡ್ದೆ," ಎಂದಳು ಅತ್ತಿಗೆ. ಅಣ್ಣ ಬಾಗಿಲು ತಡವಿ ಹತ್ತಿ ಚಿಕ್ಕನ ಪಕ್ಕ ಕೂತ.

ಮಳೆ ತೊಳೆದ ದಾರಿ, ಇಳಿಬಿಸಿಲು. ಗಾಡಿ ಸದ್ದಿಲ್ಲದೆ ಹೋಗುತ್ತಿತ್ತು. ಅಣ್ಣ ಎದುರಿನ ಗಾಜಿಗೆ ಮುಖ ಮಾಡಿ, ಕೈ ಮಂಡಿಯ ಮೇಲಿಟ್ಟುಕೊಂಡು, ದಾರಿ ಹೇಳತೊಡಗಿದ.

"ಮುಂದೆ ಬಲಗಡೆ ಕಲ್ಲು ಎದ್ದಿದೆ." ಎದ್ದಿತ್ತು. "ಈಗ ಎರಡು ಉಬ್ಬು." ಪಟ್ಟಿಗಳು ಬಗ್ಗಿ ಎದ್ದವು, ಇಟ್ಟಿಗೆ ಅಲುಗಲಿಲ್ಲ. "ಪಟ್ಟಿ ಕೂಗಲಿಲ್ಲ ನೋಡು," ಎಂದ ಅಣ್ಣ. ಮುಖದಲ್ಲಿ ಬೆಳಕಿತ್ತು. "ಈಗ ಮೋರಿ ಬಂತಾ?"

"ಬಂತು."

"ದಾಟಿದ ತಕ್ಷಣ ಎಡಗಡೆ ಹೊಂಡ. ಮೊಳದಾಳ. ಹುಷಾರು, ನನ್ನ ಎರಡು ಪಟ್ಟಿ ನುಂಗಿದೆ ಅದು."

ಚಿಕ್ಕ ಎದುರಿಗೆ ನೋಡಿದ. ಹೋದ ವರ್ಷ ಡಾಂಬರು ಬಿದ್ದ ಮೇಲೆ ಮೋರಿಯಿಂದಾಚೆಯ ದಾರಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗೆ ಮಲಗಿತ್ತು. ಅವನು ಬ್ರೇಕಿನ ಮೇಲೆ ಕಾಲಿಟ್ಟ. ಗೇರು ಇಳಿಸಿ, ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ, ದಾರಿಯ ಅಂಚಿನವರೆಗೂ ಹೋಗಿ, ನಿಧಾನವಾಗಿ ಬಳಸಿಕೊಂಡು ಮತ್ತೆ ನಡುದಾರಿಗೆ ಬಂದ. ಅಣ್ಣನ ಮೈ ಗಾಡಿಯ ಜೊತೆಗೇ ವಾಲಿ, ಜೊತೆಗೇ ನೆಟ್ಟಗಾಯಿತು.

"ಹ್ಞಾಂ," ಎಂದ ಅಣ್ಣ. "ಹಾಗೆ."

ಕನ್ನಡಿಯಲ್ಲಿ ಹಿಂದಿನ ದಾರಿ ಕಾಣುತ್ತಿತ್ತು. ಹುಲ್ಲಿನ ಹೊರೆ ಕಟ್ಟಿಕೊಂಡು ಬರುತ್ತಿದ್ದ ಸೈಕಲ್ಲಿನವನೊಬ್ಬ ಮೋರಿ ದಾಟಿ, ಅಲ್ಲೇನಿದೆಯೋ ಏನೋ ಎಂದು ನೆಲ ನೋಡುತ್ತಾ, ತಾನೂ ಅಷ್ಟೇ ದೂರ ಬಳಸಿಕೊಂಡು ಬಂದ.