ಮುದಕಪ್ಪ ಫಿಟ್ಟರನ ಹಿತ್ತಾಳೆ ಎಂಜಿನ್

"ಸ್ಟೋವಿನ ಡಬ್ಬಿಗೆ ಗಾಲಿ ಹಚ್ಚಿದ್ರ ಎಂಜಿನ್ ಆಗೂದಿಲ್ಲೋ ತಮ್ಮಾ. ನಿಮ್ಮಜ್ಜ ಲೋಕೋ ಶೆಡ್‌ನ್ಯಾಗಿದ್ದನೋ, ಒಲಿ ರಿಪೇರಿ ಅಂಗಡ್ಯಾಗಿದ್ದನೋ?"

ಹಲ್ಲಿನ ಡಾಕ್ಟರ್ ಹಂಪಿಹೊಳಿಯವರು ಮೂವತ್ತು ಮಂದಿಯ ನಡುವೆ ನಿಂತು, ನನ್ನನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು ಹೇಳಿದ ಮಾತು ಇದು. ಮೂವತ್ತು ಮಂದಿಯೂ ನಕ್ಕರು. ನಗದೇ ಇದ್ದವನು ಒಬ್ಬನೇ, ನನ್ನ ಒಡೆಯ ಕೊಟ್ರೇಶ. ಅವನ ಕಿವಿ ಕೆಂಪಗಾದದ್ದನ್ನು ನಾನು ಮೇಲಿನಿಂದ ತೂಗಾಡುತ್ತ ನೋಡಿದೆ.

ನಾನು ಒಂದು ರೈಲು ಎಂಜಿನ್. ಹೆಚ್ಚು ಕಡಿಮೆ ಒಂದು ಗೇಣು ಉದ್ದ. ಹೌದು, ನಾನು ಸ್ಟೋವಿನಿಂದಲೇ ಹುಟ್ಟಿದವನು. ಮುಚ್ಚಿಡುವ ದರ್ದು ನನಗಿಲ್ಲ. ಡಾಕ್ಟರು ಹುಟ್ಟಿದ್ದು ಬಂಗಾರದ ತಟ್ಟೆಯಿಂದಲೇನು?

ಹುಬ್ಬಳ್ಳಿಯ ರೈಲ್ವೆ ಚಾಳಿನಲ್ಲಿ ಮುದಕಪ್ಪ ಎಂಬ ಫಿಟ್ಟರನಿದ್ದ. ಅವನ ಮನೆಗೆ ಗ್ಯಾಸ್ ಬಂದ ವರ್ಷ ಹಳೆಯ ಪಂಪ್ ಸ್ಟೋವ್ ಮೂಲೆ ಸೇರಿತು. ಅದರ ಹಿತ್ತಾಳೆ ಟ್ಯಾಂಕನ್ನು ಕತ್ತರಿಸಿ, ಕಾಸಿ, ಬಡಿದು ತಗಡು ಮಾಡಿ, ಮತ್ತೆ ಸುತ್ತಿ ನನಗೆ ಬಾಯ್ಲರ್ ಮಾಡಿದ. ಹರಿದ ಕೊಡೆಯ ಕಡ್ಡಿಗಳು ನನ್ನ ರಾಡುಗಳಾದವು. ಹೆಂಡತಿಯ ಕುಂಕುಮದ ಭರಣಿಯ ಮುಚ್ಚಳ ನನ್ನ ಮೂತಿಯಾಯಿತು. ಆಕೆ ಎರಡು ದಿನ ಮಾತು ಬಿಟ್ಟಳು. ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು ನನ್ನ ಹೊಟ್ಟೆ ಸೇರಿತು.

ನನ್ನ ಅಳತೆಯನ್ನು ಅವನು ಯಾವ ಪುಸ್ತಕದಿಂದಲೂ ತೆಗೆಯಲಿಲ್ಲ. ಎಂಜಿನ್ನಿನ ನಕ್ಷೆ ಸಾಹೇಬರ ಕಪಾಟಿನಲ್ಲಿತ್ತು. ಫಿಟ್ಟರನಿಗೆ ಅದನ್ನು ಯಾರು ಕೊಡುತ್ತಾರೆ? ಊಟದ ಬಿಡುವಿನಲ್ಲಿ ಉಳಿದವರು ಬುತ್ತಿ ಬಿಚ್ಚಿದರೆ, ಇವನು ದಾರ ಹಿಡಿದು ಮೀಟರ್ ಗೇಜಿನ ಹಬೆ ಎಂಜಿನ್ನಿನ ಅಡಿಗೆ ನುಸುಳುತ್ತಿದ್ದ. ಅಳೆದಲ್ಲೆಲ್ಲ ದಾರಕ್ಕೆ ಗಂಟು. ಮನೆಗೆ ಬಂದು ಅಡಿಗೊಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಎಂಬ ಲೆಕ್ಕದಲ್ಲಿ ಆ ಗಂಟುಗಳನ್ನು ಹಿತ್ತಾಳೆಯ ಮೇಲೆ ಇಳಿಸುತ್ತಿದ್ದ. ಹೀಗೆ ಎರಡು ವರ್ಷ.

ಅವನು ಎಲ್ಲಕ್ಕಿಂತ ಹೆಚ್ಚು ದಿನ ತೆಗೆದುಕೊಂಡದ್ದು ನನ್ನ ಮರಿ ತೋಳುಗಳಿಗೆ. ದೊಡ್ಡ ಗಾಲಿಯ ಗೂಟಕ್ಕೆ ಕಿರುಬೆರಳಿನಂಥ ಒಂದು ತುಂಡು ಇರುತ್ತದಲ್ಲ, ಅದು. ನೋಡಲು ಅಷ್ಟೇ. ಆದರೆ ಸಿಲಿಂಡರಿಗೆ ಹಬೆ ಯಾವ ಹೊತ್ತಿಗೆ ನುಗ್ಗಬೇಕೆಂಬುದು ಅದರ ಕೈಯಲ್ಲಿದೆ. ಗೂಟ ಕೆಳಗೆ ಬಂದಾಗ ಮರಿ ತೋಳು ಎಂಜಿನ್ನಿನ ಮೂತಿಯ ಕಡೆಗೆ ವಾಲಿರಬೇಕು. ಎಡಗಡೆಯೂ ಹಾಗೇ, ಬಲಗಡೆಯೂ ಹಾಗೇ. ಒಂದು ಕಡೆ ತಿರುಗುಮುರುಗಾದರೆ ಗಾಡಿ ನಿಂತಲ್ಲೇ ಒದ್ದಾಡುತ್ತದೆ. ಮುದಕಪ್ಪ ಇದನ್ನು ಓದಿ ಕಲಿತವನಲ್ಲ. ಕೈ ಸುಟ್ಟುಕೊಂಡು ಕಲಿತವನು. ಕೊನೆಗೆ ನನ್ನ ಹೊಟ್ಟೆಯಡಿ ಚುಕ್ಕಿ ಚುಕ್ಕಿಯಾಗಿ ‘ಮು. ಫಿ.’ ಎಂದು ಪಂಚ್ ಹೊಡೆದ. ಮುದಕಪ್ಪ ಫಿಟ್ಟರ್.

ನನ್ನನ್ನು ಶೆಡ್ಡಿಗೆ ಒಯ್ದು ಗೆಳೆಯರಿಗೆ ತೋರಿಸಿದ್ದೇ ತಪ್ಪಾಯಿತು. ಒಬ್ಬ ಸಾಹೇಬರು ಬಂದರು. ನೋಡಿದರು. "ಎರಡು ದಿನ ಇಟ್ಕೊಂಡು ಕೊಡ್ತೀನಿ ಮುದಕಪ್ಪಾ" ಅಂದರು.

ಆ ಎರಡು ದಿನ ಮೂವತ್ತು ವರ್ಷವಾಯಿತು! ನಾನು ಗಾಜಿನ ಕಪಾಟಿನಲ್ಲಿ, ಪಿಂಗಾಣಿ ನಾಯಿಯ ಪಕ್ಕ ನಿಂತೆ. ಬಂದ ಅತಿಥಿಗಳಿಗೆಲ್ಲ ಸಾಹೇಬರು ಹೇಳುತ್ತಿದ್ದರು: "ಇಂಗ್ಲೆಂಡಿನಿಂದ ತರಿಸಿದ್ದು." ಒಮ್ಮೆ ಮುದಕಪ್ಪನನ್ನೇ ಆ ಮನೆಗೆ ನೀರಿನ ಪಂಪು ರಿಪೇರಿಗೆ ಕರೆಸಿದ್ದರು. ಆಗಲೂ ಯಾರಿಗೋ ಅದೇ ಮಾತು ಹೇಳಿದರು. ಅವನು ಪಾನಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ನನ್ನನ್ನು ನೋಡಿದ. ಪಂಪು ಸರಿ ಮಾಡಿ ಹೋದ. ಬಾಯಿ ಬಿಟ್ಟರೆ ಪಿಂಚಣಿಗೆ ಕಲ್ಲು ಬೀಳುವ ಕಾಲ. ನಾನಾದರೂ ಏನು ಹೇಳಲಿ? ನನಗೆ ಹಾಕಿದ್ದ ಸೀಟಿ ಊದುವಂಥದ್ದಲ್ಲ.

ಮುದಕಪ್ಪ ತೀರಿಕೊಂಡ. ಸಾಹೇಬರೂ ಹೋದರು. ಅವರ ಮಕ್ಕಳು ಮನೆ ಖಾಲಿ ಮಾಡುವಾಗ ನಾನು ಪಾತ್ರೆ ಪಗಡೆಗಳ ಜೊತೆ ಗುಜರಿ ಸೇರಿದೆ. ಗುಜರಿಯವನು ನನ್ನನ್ನು ಹಿತ್ತಾಳೆ ರಾಶಿಗೆ ಎಸೆದ. ಮುರಿದ ನಲ್ಲಿ, ದೀಪದ ಕಂಬ, ನಾನು. ಕರಗುವ ದಿನ ಎಣಿಸುತ್ತ ಬಿದ್ದಿದ್ದೆ.

ಅಲ್ಲಿಗೆ ಬಂದವನು ಕೊಟ್ರೇಶ. ಮುದಕಪ್ಪನ ಮೊಮ್ಮಗ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಲೇತ್ ಹಿಡಿದವನು. ಬುಶ್ ಮಾಡಲು ಹಿತ್ತಾಳೆ ತುಂಡು ಹುಡುಕುತ್ತಿದ್ದ. ಕೈಗೆ ನಾನು ಸಿಕ್ಕೆ. ತಿರುಗಿಸಿದ. ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸಿದ. ಸಾಹೇಬರು ಒಯ್ದ ಎಂಜಿನ್ನಿನ ಕತೆಯನ್ನು ಅಜ್ಜನ ತೊಡೆಯ ಮೇಲೆ ಕೂತು ನೂರು ಸಲ ಕೇಳಿದ್ದವನು. ಗುಜರಿಯ ನಡುವೆ ಕುಕ್ಕರಗಾಲಲ್ಲಿ ಕೂತೇಬಿಟ್ಟ. "ಏನಾತ್ಲೇ?" ಎಂದು ಗುಜರಿಯವನು ಕೇಳಿದರೆ, "ಧೂಳು ಹೊಕ್ಕತಿ ಕಣ್ಣಾಗ" ಅಂದ.

ಆರು ತಿಂಗಳು ನನ್ನ ಆರೈಕೆ ನಡೆಯಿತು. ಹೊಸ ಮೋಟಾರು. ಊರಿನಲ್ಲಿ ಸಣ್ಣ ರೈಲು ಬಳಗ ಅಂತ ಒಂದಿತ್ತು, ಮಾದರಿ ರೈಲಿನ ಹುಚ್ಚರ ಗುಂಪು. ಅವರ ಹಳಿ ನನಗಿಂತ ಒಂದು ಕೂದಲು ಅಗಲವೆಂದು ಗೊತ್ತಾಗಿ ಲೇತಿನಲ್ಲಿ ಹೊಸ ಗಾಲಿ ಮಾಡಿ ಹಾಕಿದ. ಮರಿ ತೋಳುಗಳನ್ನು ಮಾತ್ರ ಅಜ್ಜ ಇಟ್ಟ ಹಾಗೆಯೇ ಇಟ್ಟ.

ಆ ಬಳಗದಲ್ಲಿ ಒಂದು ಪದ್ಧತಿ. ವರ್ಷಕ್ಕೊಮ್ಮೆ ಪ್ರದರ್ಶನ. ಹಳಿಯ ಮೇಲೆ ಓಡುವ ಪ್ರತಿ ಎಂಜಿನ್ನಿಗೂ ಪಕ್ಕದಲ್ಲಿ ಒಂದು ಚೀಟಿ, ಅದರ ಮೇಲೆ ಮಾಡಿದವರ ಹೆಸರು. ಕೊಟ್ರೇಶನಿಗೆ ಬೇಕಾಗಿದ್ದದ್ದು ಅಷ್ಟೇ. ಇಂಗ್ಲೆಂಡಿನ ಹೆಸರಲ್ಲಿ ಮೂವತ್ತು ವರ್ಷ ನಿಂತ ನನ್ನ ಪಕ್ಕದಲ್ಲಿ ಒಂದು ಭಾನುವಾರ ಅಜ್ಜನ ಹೆಸರು ನಿಲ್ಲಬೇಕು. ಮಂದಿ ಓದಬೇಕು.

ಅವನು ನನ್ನನ್ನು ಬಳಗಕ್ಕೆ ಒಯ್ದ ದಿನವೇ ಒಂದು ದೊಡ್ಡ ಸುದ್ದಿ ಬಂದಿತ್ತು. ಮಾದರಿ ರೈಲು ಮಾಡುವ ಒಂದು ಕಂಪನಿ ತನ್ನ ಹೊಸ ಎಂಜಿನ್ನುಗಳ ಸಾಲನ್ನು ಘೋಷಿಸಿತ್ತು. ಬಳಗದ ಕೋಣೆಯಲ್ಲಿ ಸಂತೆ ನೆರೆದಿತ್ತು. ಎಲ್ಲರ ಕೈಯಲ್ಲೂ ಮೊಬೈಲು.

"ಐದು ಎಂಜಿನ್ನಾಗ ಮೂರು ಡೀಸೆಲ್ಲೇ ಅವ! ಡೀಸೆಲ್ ಯಾರಿಗೆ ಬೇಕಾಗ್ಯಾವ?"

"ನನಗ ಬೇಕಾಗ್ಯಾವ. ನೀ ಸುಮ್ಮಕಿರು."

"ಈ ಕೆಂಪು ಬಣ್ಣ ನೋಡ್ರಿ, ನಮ್ಮ ಕಡೆ ಗಾಡಿ ಇಂಥಾ ಕೆಂಪು ಯಾವತ್ತರ ಇತ್ತೇನ್ರಿ? ಬದನಿಕಾಯಿ ಬಣ್ಣ ಬಳದಾರ."

"ರೇಟು ನೋಡೀರೇನ? ಮನಿಯಾಕಿಗೆ ಗೊತ್ತಾದ್ರ ನನ್ನೂ ಎಂಜಿನ್ನೂ ಇಬ್ಬರನ್ನೂ ಹೊರಗ ಹಾಕ್ತಾಳ."

ಆದರೂ ಆ ಸಾಲಿನಲ್ಲಿ ಮೀಟರ್ ಗೇಜಿನ ಹಬೆ ಎಂಜಿನ್ ಒಂದಿತ್ತು. ನನ್ನದೇ ಜಾತಿಯದು. ಅದನ್ನು ಕಂಡು ಬೈಯುವವರೂ ಮೆತ್ತಗಾದರು. ಯಾವುದೋ ಸ್ಟೇಷನ್ನಿನ ಮುಂದೆ ಕಟ್ಟೆಯ ಮೇಲೆ ಕೂರಿಸಿದ ಹಳೆ ಎಂಜಿನ್ನನ್ನು ಇಂಚು ಇಂಚಾಗಿ ಯಂತ್ರದಿಂದ ಅಳೆದು ಮಾಡಿದ್ದಂತೆ. ಪುಟದ ಕೆಳಗೆ ‘ಹುಬ್ಬಳ್ಳಿ ಸಣ್ಣ ರೈಲು ಬಳಗದವರು ಪರಿಶೀಲಿಸಿ ಒಪ್ಪಿದ್ದು’ ಎಂದು ಅಚ್ಚಾಗಿತ್ತು. ಒಪ್ಪಿ ಸಹಿ ಹಾಕಿದವರು ಅಧ್ಯಕ್ಷರಾದ ಡಾಕ್ಟರ್ ಹಂಪಿಹೊಳಿ. ಆ ದಿನ ಅಂಗಿಯ ಗುಂಡಿ ಅವರ ಎದೆಗೆ ಸಾಲುತ್ತಿರಲಿಲ್ಲ.

ಕೊಟ್ರೇಶ ನನ್ನನ್ನು ಮೇಜಿನ ಮೇಲಿಟ್ಟು, ಅಜ್ಜ ಸ್ಟೋವಿನ ಹಿತ್ತಾಳೆಯಿಂದ ಮಾಡಿದ್ದೆಂದು ಹೇಳಿ, ಪ್ರದರ್ಶನಕ್ಕೆ ಅವಕಾಶ ಕೇಳಿದ. ಡಾಕ್ಟರು ನನ್ನ ಎರಡು ಬದಿಯ ಫೋಟೋ ತೆಗೆದು ಕಂಪನಿಯ ಎರಡು ಫೋಟೋಗಳ ಪಕ್ಕ ಹಿಡಿದರು.

"ಇಲ್ಲಿ ನೋಡು. ಕಂಪನಿ ಎಂಜಿನ್ನಿಗೆ ಎರಡೂ ಫೋಟೋದಾಗ ಈ ತುಂಡು ಬಲಕ್ಕ ವಾಲ್ಯದ. ನಿಂದು ಒಂದರಾಗ ಬಲಕ್ಕ, ಇನ್ನೊಂದರಾಗ ಎಡಕ್ಕ. ನಿಮ್ಮಜ್ಜ ತಪ್ಪಿಸಿಟ್ಟಾನ."

ಓದುಗರೇ, ಈ ತಪ್ಪನ್ನು ಫೋಟೋ ನೋಡಿ ರೈಲು ಕಲಿತವರು ಮಾತ್ರ ಮಾಡಬಲ್ಲರು. ಎಂಜಿನ್ನನ್ನು ಬಲಗಡೆಯಿಂದ ನೋಡಿದರೆ ಮೂತಿ ನಿಮ್ಮ ಬಲಕ್ಕೆ ಇರುತ್ತದೆ. ಎಡಗಡೆಯಿಂದ ನೋಡಿದರೆ ನಿಮ್ಮ ಎಡಕ್ಕೆ. ಮರಿ ತೋಳು ಮೂತಿಯ ಕಡೆಗೆ ವಾಲಬೇಕಾದರೆ ಎರಡು ಫೋಟೋದಲ್ಲಿ ಎರಡು ದಿಕ್ಕಿಗೆ ಕಾಣಲೇಬೇಕು! ಕಟ್ಟೆಯ ಮೇಲಿನ ಎಂಜಿನ್ನಿಗೆ ಬಣ್ಣ ಬಳಿದ ಗುತ್ತಿಗೆದಾರನ ಆಳುಗಳು ಎಡಗಡೆಯ ತೋಳನ್ನು ಹಿಂದುಮುಂದಾಗಿ ಬಿಗಿದಿದ್ದರು. ಕಂಪನಿಯ ಯಂತ್ರ ಅದನ್ನೇ ಅಳೆಯಿತು. ಡಾಕ್ಟರು ಅದಕ್ಕೇ ಸಹಿ ಹಾಕಿದರು.

ಕೊಟ್ರೇಶ ಶಾಲೆಯ ಭಾಷೆಯಲ್ಲಿ ಹೇಳಲಾರ. ತನಗೆ ಬಂದ ಹಾಗೆ ಹೇಳಿದ: "ಡಾಕ್ಟ್ರ, ಈ ಕಡಿಂದ ನೋಡಿದ್ರ ನಿಮ್ಮ ಮೂಗು ಬಲಕ್ಕ ಕಾಣತೈತಿ, ಆ ಕಡಿಂದ ನೋಡಿದ್ರ ಎಡಕ್ಕ. ಅಂದ್ರ ನಿಮ್ಮ ಮೂಗು ತಪ್ಪಿಸಿಟ್ಟಾರೇನ್ರಿ?"

ಯಾರೋ ಕಿಸಕ್ಕೆಂದರು. ಡಾಕ್ಟರ ಮುಖ ಗಂಟಿಕ್ಕಿತು. ಆಗ ಬಂದದ್ದು ಆ ಸ್ಟೋವಿನ ಮಾತು. ಅದರ ಹಿಂದೆಯೇ ತೀರ್ಪು: "ಒಂಬತ್ತನೇತ್ತೆ ಪಾಸಾಗಿಲ್ಲ, ನನಗ ಪಾಠ ಹೇಳ್ತೀಯಾ? ಆ ತುಂಡು ತಿರುಗಿಸಿ ಹಾಕ್ಕೊಂಡು ಬಾ. ಆಮ್ಯಾಲೆ ಹಳಿ ಮ್ಯಾಲೆ ಇಡೂಣು, ಚೀಟಿ ಬರೆಯೂಣು."

ಮರುದಿನ ಲೇತಿನ ಪಕ್ಕದಲ್ಲಿ ನನ್ನನ್ನು ಮಲಗಿಸಿ ಕೊಟ್ರೇಶ ಸಣ್ಣ ಸ್ಕ್ರೂಡ್ರೈವರ್ ಹಿಡಿದ. ತಿರುಪಿಗೆ ಅದರ ಮೊನೆ ತಾಗಿತು. ಅರ್ಧ ನಿಮಿಷದ ಕೆಲಸ. ಆ ತೋಳು ತಿರುಗಿದರೂ ಮೋಟಾರಿನ ಬಲದಿಂದ ನಾನು ಓಡುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಜ್ಜನ ಹೆಸರು ಚೀಟಿಯಲ್ಲಿರುತ್ತಿತ್ತು, ಅಜ್ಜ ಮಾಡದ ತಪ್ಪು ನನ್ನ ಮೈಮೇಲಿರುತ್ತಿತ್ತು. ಬಹಳ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಸ್ಕ್ರೂಡ್ರೈವರನ್ನು ಡಬ್ಬಿಗೆ ಎಸೆದ ಸದ್ದಿಗೆ ಪಕ್ಕದ ಲೇತಿನವನು ತಿರುಗಿ ನೋಡಿದ.

ಪ್ರದರ್ಶನದ ಭಾನುವಾರ ಕೊಟ್ರೇಶ ಎಲ್ಲರ ಹಾಗೆ ಟಿಕೆಟ್ ತೆಗೆದುಕೊಂಡೇ ಒಳಗೆ ಹೋದ. ನಾನು ಅವನ ಬುತ್ತಿ ಚೀಲದಲ್ಲಿದ್ದೆ. ಸಭಾಂಗಣದ ನಡುವೆ, ಹಳಿಯ ಪಕ್ಕದ ಮೇಜಿನ ಮೇಲೆ ಕಂಪನಿಯ ಹೊಸ ಎಂಜಿನ್ನು. ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಕಂಪನಿಯ ಮನುಷ್ಯ. ಮಂದಿ ಮುಗಿಬಿದ್ದು ನೋಡುತ್ತಿದ್ದರು. ಒಬ್ಬ ಮುದುಕ ಕೋಲೂರಿ ಬಂದು ಬಗ್ಗಿದ. ಹಬೆ ಎಂಜಿನ್ ನಡೆಸಿ ನಿವೃತ್ತನಾದ ಸ್ಯಾಮುವೆಲಪ್ಪ. ಬಲಗಡೆ ನೋಡಿದ, ಸುತ್ತಿ ಬಂದು ಎಡಗಡೆ ನೋಡಿದ. ಹಲ್ಲಿಲ್ಲದ ಬಾಯಿ ಬಿಟ್ಟು ನಗತೊಡಗಿದ.

"ಯಪ್ಪಾ, ಇದ್ಯಾರು ಜೋಡಿಸ್ಯಾರ? ಒಂದ್ ಕಾಲು ಹುಬ್ಬಳ್ಳಿಗೆ ಹೊಂಟೈತಿ, ಒಂದ್ ಕಾಲು ಗದಗಕ್ಕ! ಇದನ್ನ ನನಗ ಕೊಟ್ಟಿದ್ರ ಪ್ಲಾಟ್‌ಫಾರ್ಮ್ ಬಿಟ್ಟು ಹೊಂಡ್ತಿರಲಿಲ್ಲ."

ಕಂಪನಿಯವನು ಗಾಬರಿಯಾಗಿ ಡಾಕ್ಟರ ಕಡೆಗೆ ತಿರುಗಿದ. "ಸರ್, ನಿಮ್ಮ ಬಳಗದವರೇ ಸರಿ ಇದೆ ಅಂತ ಸಹಿ ಮಾಡಿದ್ರಲ್ಲ?"

"ಎರಡೂ ಥರ ಇರ್ತಿದ್ವು," ಎಂದರು ಡಾಕ್ಟರು.

"ಮೂವತ್ತೊಂದು ವರ್ಷ ನಡಸೀನ್ರಿ. ಎರಡನೇ ಥರ ನಾ ಕಂಡಿಲ್ಲ."

ಕೊಟ್ರೇಶ ಚೀಲದಿಂದ ನನ್ನನ್ನು ತೆಗೆದು ಮುದುಕನ ಮುಂದಿಟ್ಟ. ಸ್ಯಾಮುವೆಲಪ್ಪ ಕನ್ನಡಕ ಸರಿಪಡಿಸಿಕೊಂಡು ನನ್ನ ಎರಡೂ ಬದಿ ಸವರಿದ.

"ಇದು ನೋಡ್ರಿ ಎಂಜಿನ್ ಅಂದ್ರ. ಯಾರ ಕೈಯಿಂದೋ ಇದು?"

"ನಮ್ಮಜ್ಜಂದ್ರೀ. ಮುದಕಪ್ಪ ಫಿಟ್ಟರ್."

"ಬುತ್ತಿ ಉಣ್ಣೋದು ಬಿಟ್ಟು ಗಾಡಿ ಅಡಿಗೆ ಹೋಗ್ತಿದ್ದನಲ್ಲ, ಆ ಹುಚ್ಚನ?" ಎಂದು ಮುದುಕ ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮಂದಿ ಈಗ ನನ್ನ ಸುತ್ತ ನೆರೆದರು. ಡಾಕ್ಟರು ಜಾಣರು. ತಾವೇ ನನ್ನನ್ನು ತೆಗೆದುಕೊಂಡು ಹಳಿಯ ಮೇಲಿಟ್ಟು ಕರೆಂಟು ಕೊಟ್ಟರು. ನಾನು ಓಡಿದೆ. ಸುರಂಗ ದಾಟಿ, ಸೇತುವೆ ದಾಟಿ ಒಂದು ಸುತ್ತು. ಮಂದಿ ಚಪ್ಪಾಳೆ ಹೊಡೆದರು. ಹುಟ್ಟಿ ಇಷ್ಟು ವರ್ಷಕ್ಕೆ ಮೊದಲ ಸಲ ನಾನು ಮಂದಿಯ ಮುಂದೆ ಓಡುತ್ತಿದ್ದೆ.

ಎರಡನೆಯ ಸುತ್ತಿಗೆ ನಾನು ಸಭಾಂಗಣದ ಮೂಲೆಯ ತಿರುವಿಗೆ ಬಂದಾಗ ಡಾಕ್ಟರು ಕೊಟ್ರೇಶನ ಹೆಗಲ ಮೇಲೆ ಕೈ ಹಾಕಿ ಅಲ್ಲೇ ನಿಂತಿದ್ದರು. ಇನ್ನೊಂದು ಕೈಯಲ್ಲಿ ಆಗಷ್ಟೇ ಬರೆಸಿದ ಚೀಟಿ. ದಪ್ಪ ಕಾಗದ, ಚೆಂದದ ಅಕ್ಷರ: ‘ನಿರ್ಮಾತೃ: ಮುದಕಪ್ಪ, ಫಿಟ್ಟರ್.’ ಹೆಗಲ ಮೇಲಿನ ಕೈ ತೆಗೆದು ಗುಂಡಿ ಒತ್ತಿ ನನ್ನನ್ನು ನಿಲ್ಲಿಸಿದರು.

"ಆವತ್ತು ಬಾಯಿ ತಪ್ಪಿ ಬಂತೋ ತಮ್ಮಾ, ಮನಸ್ಸಿಗೆ ಹಚ್ಕೋಬ್ಯಾಡ," ಎಂದರು ಮೆಲ್ಲಗೆ. "ಈ ಚೀಟಿ ಈಗಲೇ ಹಚ್ಚೂಣು. ವರ್ಷಾ ಹಚ್ಚೂಣು. ನೀ ಒಂದು ಮಾತು ಹೇಳಿಬಿಡು, ಮೈಕಿನಾಗ. ಎರಡೂ ಥರ ಇರ್ತಿದ್ವು ಅಂತ ನಮ್ಮಜ್ಜ ಹೇಳ್ತಿದ್ದ ಅನ್ನು. ಅಷ್ಟೇ. ಬಳಗದ ಮರ್ಯಾದಿ ಪ್ರಶ್ನೆ ಅದ."

ಈಗ ಲೇತಿನ ಪಕ್ಕದ ಗೂಡಿನಲ್ಲಿ, ಎಣ್ಣೆ ಬಟ್ಟೆಯ ಮೇಲೆ ಕೂತು ನೆನೆದರೂ ನನ್ನ ಹಿತ್ತಾಳೆ ಕಾಯುತ್ತದೆ. ಬೈಯುವುದು ಮೂವತ್ತು ಮಂದಿಯ ಮುಂದೆ, ತಪ್ಪೊಪ್ಪುವುದು ಮೂಲೆಯಲ್ಲಿ! ಬದುಕಿದ್ದಾಗ ಮುದಕಪ್ಪನ ಕೆಲಸವನ್ನು ಒಬ್ಬರು ಕಸಿದರು. ಸತ್ತ ಮೇಲೆ ಅವನ ಹೆಸರು ಕೊಡುತ್ತೇವೆ, ಅವನ ಬಾಯಿಂದ ಒಂದು ಸುಳ್ಳು ಆಡಿಸು ಎಂದು ಇನ್ನೊಬ್ಬರು ಕೇಳಿದರು. ಸಾಲು ಸಾಲು ಎಂಜಿನ್ ಬರಲಿ, ಬಣ್ಣ ಬಣ್ಣದ ಡಬ್ಬಿಯಲ್ಲಿ ಬರಲಿ. ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಗಾಡಿಯ ಅಡಿಗೆ ಒಮ್ಮೆಯೂ ನುಸುಳದವರು ಸಹಿ ಹಾಕುವುದು, ನುಸುಳಿದವನ ಮೊಮ್ಮಗ ಅದಕ್ಕೆ ತಲೆಯಾಡಿಸಬೇಕು ಎನ್ನುವುದು, ಇದು ಯಾವ ಊರಿನ ನ್ಯಾಯ?

ಕೊಟ್ರೇಶ ಚೀಟಿಯನ್ನು ಓದಿದ. ಎರಡು ಸಲ ಓದಿದ. ಆಚೆ ಯಾರೋ ಮೈಕು ತಟ್ಟಿ ನೋಡುತ್ತಿದ್ದರು.

"ಏನಂತೀ?" ಎಂದರು ಡಾಕ್ಟರು.

ಅವನು ಬಗ್ಗಿ ಹಳಿಯ ಮೇಲಿಂದ ನನ್ನನ್ನು ಎತ್ತಿಕೊಂಡ. ನನ್ನ ಮೋಟಾರು ಇನ್ನೂ ಬೆಚ್ಚಗಿತ್ತು. ಚೀಟಿ ಹಿಡಿದ ಡಾಕ್ಟರ ಕೈ ಹಾಗೇ ಚಾಚಿಕೊಂಡಿತ್ತು. ಕಂಪನಿಯವನು ದಾರಿ ಬಿಟ್ಟ, ಸ್ಯಾಮುವೆಲಪ್ಪ ಕೋಲು ಸರಿಸಿದ, ಮಂದಿ ಸರಿದರು. "ಕೊಟ್ರೇಶಾ, ಏನರ ಹೇಳಿ ಹೋಗೋ!" ಎಂದು ಡಾಕ್ಟರು ಹಿಂದಿನಿಂದ ಕೂಗಿದರು. ಅವನು ನನ್ನನ್ನು ಎದೆಗವಚಿಕೊಂಡು, ತಿರುಗಿ ನೋಡದೆ, ಬಾಗಿಲು ದಾಟಿ ಬಿಸಿಲಿಗೆ ನಡೆದ.