ಕೇಕಿಗೆ ಮುಂಚಿನ ಮೂರು ನಿಮಿಷ

ಮಧ್ಯಾಹ್ನ ಎರಡಕ್ಕೆ ವಿಚಾರಣೆ. ತಾನು ಮಾಡಿದ್ದೆಂದು ತನಗೇ ನೆನಪಿಲ್ಲದ ತಪ್ಪಿಗೆ ಹೆಲೆವಿ ಅಷ್ಟರೊಳಗೆ ವಿವರಣೆ ಬರೆಯಬೇಕಿತ್ತು.

ಹ್ಯಾರ್ನೊಸಾಂಡ್ ಬಂದರಿನ ಎದುರಿನ ಆ ಕಚೇರಿಯಲ್ಲಿ ಕೂತು ಒಂಬತ್ತು ಮಂದಿ ಸುತ್ತಲಿನ ನಲವತ್ತು ಸಂಸ್ಥೆಗಳ ಸರ್ವರ್‌ಗಳನ್ನು ದೂರದಿಂದಲೇ ನೋಡಿಕೊಳ್ಳುತ್ತಿದ್ದರು. ಹೆಲೆವಿಯದು ಬ್ಯಾಕಪ್ ಹೊಣೆ. ಪ್ರತಿ ಸರ್ವರ್‌ನ ಮಾಹಿತಿಯ ನಕಲು ದಿನಕ್ಕೊಮ್ಮೆ ಬೇರೆಡೆ ಸೇರುವಂತೆ ಅವಳು ನೋಡಿಕೊಳ್ಳಬೇಕು; ಅದನ್ನು ನಿಲ್ಲಿಸುವ ಅಧಿಕಾರವೂ ಅವಳ ಖಾತೆಗೆ ಮಾತ್ರ. ಕಳೆದ ಗುರುವಾರ ಮರ ಕೊಯ್ಯುವ ಒಂದು ಸಾಮಿಲ್ಲಿನ ಸರ್ವರ್‌ನಲ್ಲಿ ಡಿಸ್ಕ್ ಕೆಟ್ಟಿತು. ನಕಲು ಹುಡುಕಿದರೆ ಕೊನೆಯದು ಮೂರು ವಾರ ಹಳೆಯದು. ಅಷ್ಟು ದಿನಗಳ ಆರ್ಡರು, ದಿಮ್ಮಿಗಳ ಅಳತೆ ಪಟ್ಟಿ, ಎಲ್ಲವೂ ಹೋಗಿತ್ತು. ವಿಫಲವಾದ ಬ್ಯಾಕಪ್‌ಗೆ ಎಚ್ಚರಿಕೆ ಬರುತ್ತದೆ. ಯಾರೋ ಬೇಕೆಂದೇ ನಿಲ್ಲಿಸಿದ್ದಕ್ಕೆ ಬರುವುದಿಲ್ಲ. ದಾಖಲೆಯಲ್ಲಿ ಇದ್ದದ್ದು ಇಷ್ಟು: ಮಾರ್ಚ್ 5, 09.41, ಬ್ಯಾಕಪ್ ಸ್ಥಗಿತ. ಖಾತೆ ಹೆಲೆವಿಯದು, ಕಂಪ್ಯೂಟರ್ ಕೂಡ ಅವಳದೇ.

ಸೋಮವಾರ ಮುಖ್ಯಸ್ಥೆ ಡಾಗ್ನಿ ಅವಳ ಅಧಿಕಾರಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದಳು.

"ನೇರವಾಗಿ ಹೇಳು, ನಿಲ್ಸಿದ್ದು ನೀನಾ?"

"ನೆನಪಿಲ್ಲ ಡಾಗ್ನಿ."

"ನೆನಪಿಲ್ಲ ಅಂದ್ರೆ ಸಾಮಿಲ್ಲಿನೋರು ಕೇಳ್ತಾರಾ? ಬುಧವಾರ ಎರಡು ಗಂಟೆಗೆ ಅವರು ಬರ್ತಾರೆ. ಏನಾಯ್ತು ಅಂತ ಬರ್ಕೊಂಡ್ ಬಾ."

ಹದಿನಾಲ್ಕು ವರ್ಷಗಳಲ್ಲಿ ಅವಳ ಹೆಸರಿಗೆ ಒಂದು ಕಪ್ಪುಚುಕ್ಕೆಯೂ ಇರಲಿಲ್ಲ. ಈಗ ಕಾಫಿ ಯಂತ್ರದ ಹತ್ತಿರ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಎಂದಿನಂತೆ ಮಾತಾಡುತ್ತಿದ್ದವನು ಟೊರ್ಕೆಲ್ ಒಬ್ಬ. ಹನ್ನೊಂದು ವರ್ಷದಿಂದ ಎದುರು ಮೇಜಿನವನು, ಕೆಲಸ ಕಲಿಸಿದವಳು ಅವಳೇ. ಆರು ವರ್ಷದ ಹಿಂದೆ ಅವನು ಒಂದು ಶಾಲೆಯ ಸರ್ವರ್ ಅಳಿಸಿಹಾಕಿದಾಗ, ಇನ್ನೊಮ್ಮೆ ಹೀಗಾಗದು ಎಂದು ಡಾಗ್ನಿಯ ಮುಂದೆ ಮಾತು ಕೊಟ್ಟು ಅವನ ಕೆಲಸ ಉಳಿಸಿದ್ದಳು. ದೂರದಿಂದ ಯಾರ ಕಂಪ್ಯೂಟರ್‌ಗೆ ಕೈ ಹಾಕಿದರೂ ಅದು ರೆಕಾರ್ಡ್ ಆಗಬೇಕೆಂಬ ನಿಯಮ ಬಂದದ್ದು ಆಗಲೇ.

ಬುಧವಾರ ಬೆಳಿಗ್ಗೆ, ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವನು ಫೋನ್ ಮಾಡಿದ.

"ಬರೆದ್ಯಾ?"

"ಏನಂತ ಬರೀಲಿ ಮಾರಾಯ?"

"ಮರೆತೆ ಅಂತ ಬರಿ. ಏನೋ ಪರೀಕ್ಷೆ ಮಾಡೋಕೆ ನಿಲ್ಸಿದ್ದೆ, ಮತ್ತೆ ಶುರು ಮಾಡೋಕೆ ಮರೆತುಹೋಯ್ತು. ನಾವೇನು ಯಂತ್ರಗಳಾ? ಡಾಗ್ನಿ ಎರಡು ದಿನ ಮುಖ ಊದಿಸ್ಕೋತಾಳೆ, ಅಷ್ಟೇ."

"ನಾನು ಮಾಡಿಲ್ಲ ಅನ್ಸುತ್ತೆ ಕಣೋ."

"ನಿನಗೆ ಅನ್ಸಿದ್ದನ್ನ ಯಾರು ಕೇಳ್ತಾರೆ ಹೆಲೆವಿ? ದಾಖಲೆ ಇದೆಯಲ್ಲ. ಹನ್ನೆರಡಕ್ಕೆ ನಿನ್ನ ಸ್ಕ್ರೀನಿಗೆ ಬರ್ತೀನಿ, ಇಬ್ರೂ ಸೇರಿ ಬರೆಯೋಣ."

ಹೆಲೆವಿ ಫೋನ್ ಇಟ್ಟಳು. ಇವನೊಬ್ಬನಾದರೂ ಇದ್ದಾನಲ್ಲ.

ಎಂದಿನಂತೆ ಒಂಬತ್ತೂವರೆಗೆ ಎಲ್ಲರೂ ಕಾಫಿಗೆ ಎದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಸಿಕ್ಸ್ಟೆನ್, ಮೌನ ಮುರಿಯಲೆಂದೇ ಇರಬೇಕು, ಅವಳತ್ತ ತಿರುಗಿದ.

"ಇವತ್ತಾದ್ರೂ ಸ್ಕ್ರೀನ್ ಲಾಕ್ ಮಾಡಿ ಬಂದ್ಯಾ? ಮಾಡದೇ ಇದ್ರೂ ಚಿಂತೆಯಿಲ್ಲ ಬಿಡು, ಹೋದ ಸಲದ ಹಸಿರು ಕೇಕ್ ಚೆನ್ನಾಗಿತ್ತು."

ಆ ಕಚೇರಿಯಲ್ಲಿ ಅದೊಂದು ಪದ್ಧತಿ. ಯಾರಾದರೂ ಸ್ಕ್ರೀನ್ ಲಾಕ್ ಮಾಡದೆ ಎದ್ದುಹೋದರೆ ಕಂಡವರು ಅಲ್ಲಿ ಕೂತು, ಅವರ ಹೆಸರಿನಲ್ಲೇ 'ನಾಳೆ ಕೇಕ್ ತರುತ್ತೇನೆ' ಎಂದು ಎಲ್ಲರಿಗೂ ಇ-ಮೇಲ್ ಕಳಿಸುತ್ತಾರೆ. ಸಿಕ್ಕಿಬಿದ್ದವರು ಮರುಮಾತಿಲ್ಲದೆ ತರಬೇಕು.

ಹೆಲೆವಿ ಲೋಟವನ್ನು ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಬಂದಳು. ಕೇಕಿನ ಆ ಇ-ಮೇಲ್ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾರ್ಚ್ 5, 09.44; ಬ್ಯಾಕಪ್ ನಿಂತ ಮೂರು ನಿಮಿಷಕ್ಕೆ. 'ನಾಳೆ ಎಲ್ಲರಿಗೂ ಪ್ರಿನ್ಸೆಸ್ ಕೇಕ್. ನನ್ನಂಥ ಉದಾರಿ ಇನ್ನೊಬ್ಬಳಿಲ್ಲ. ಹೆಲೆವಿ.' ಆ ದಿನ ಕಾಫಿ ಮುಗಿಸಿ ಬಂದಾಗ ಟೊರ್ಕೆಲ್ ಅವಳ ಕುರ್ಚಿಯಿಂದ ನಗುತ್ತಾ ಎದ್ದಿದ್ದ. ಮರುದಿನ "ಬರೆದೋನಿಗೆ ಎರಡು ತುಂಡು" ಎಂದು ತಟ್ಟೆ ಒಡ್ಡಿದ್ದ. ಆ ಹಸಿರು ಕೇಕನ್ನು ಅವಳೇ ಕತ್ತರಿಸಿ ಬಡಿಸಿದ್ದಳು.

ಸಾಮಿಲ್ಲಿನ ಸರ್ವರ್ ಟೊರ್ಕೆಲ್‌ನ ಸುಪರ್ದಿಯಲ್ಲಿತ್ತು. ಆ ವಾರವಿಡೀ ಅದು ನಿಧಾನವೆಂದು ಅವರು ಫೋನ್ ಮಾಡುತ್ತಿದ್ದರು. ಬ್ಯಾಕಪ್ಪೇ ಅದನ್ನು ಎಳೆಯುತ್ತಿದೆ ಎಂದು ಅವನು ಗೊಣಗುತ್ತಿದ್ದ.

ಹನ್ನೆರಡಕ್ಕೆ ಸರಿಯಾಗಿ ಪರದೆಯ ನಡುವೆ ಚೌಕವೊಂದು ಮೂಡಿತು: 'ಟೊರ್ಕೆಲ್ ನಿಮ್ಮ ಕಂಪ್ಯೂಟರ್ ನಿಯಂತ್ರಿಸಲು ಬಯಸುತ್ತಾರೆ. ಅನುಮತಿ ಇದೆಯೇ?' ಹೆಲೆವಿ ಎಡಕ್ಕೆ ಡಾಗ್ನಿ ಕಳಿಸಿದ್ದ ದಾಖಲೆ, ಬಲಕ್ಕೆ ಕೇಕಿನ ಇ-ಮೇಲ್ ತೆರೆದಿಟ್ಟು 'ಇದೆ' ಒತ್ತಿದಳು. ಮೂಲೆಯಲ್ಲಿ, ಪರದೆಯ ಜೊತೆ ಮಾತನ್ನೂ ಹಿಡಿಯುವ ರೆಕಾರ್ಡಿಂಗ್‌ನ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಆ ಚುಕ್ಕೆ ಅನುಮತಿ ಕೊಟ್ಟವರಿಗಷ್ಟೇ ಕಾಣುತ್ತದೆ; ಕೈ ಹಾಕಿದವರಿಗೆ ರೆಕಾರ್ಡಿಂಗ್ ಮರೆತುಹೋಗುವುದೇ ಹೆಚ್ಚು.

"ಹಾಂ, ಬಂದೆ. ಎಲ್ಲಿದೆ ನಿನ್ನ..." ಟೊರ್ಕೆಲ್‌ನ ದನಿ ನಿಂತಿತು. ಪರದೆಯ ಮೇಲೆ ಅವನ ಹೆಸರು ಹೊತ್ತ ಮೌಸ್ ಬಾಣವೂ ನಿಂತಿತು. ಹೆಲೆವಿ ಅವನ ಬಾಯಿಂದ ಒಂದು ಮಾತು ಬರಲೆಂದು ಕಾದಳು.

"ಇದ್ಯಾವುದು, ಹಳೇ ತಮಾಷೆ ಮೇಲ್? ಇದಕ್ಕೂ ಅದಕ್ಕೂ ಏನು ಸಂಬಂಧ? ಸುಮ್ನೆ ಗೊಂದಲ ಆಗುತ್ತೆ, ತೆಗೆದುಬಿಡೋಣ." ಬಾಣ ಬಲಕ್ಕೆ ಜಾರಿತು. ಇ-ಮೇಲ್ ಮಾಯವಾಯಿತು. ಮರುಕ್ಷಣ ಕಸದ ಬುಟ್ಟಿಯೂ ಖಾಲಿಯಾಯಿತು. "ಈಗ ಬರಿ. 'ನಾನು ಮರೆತೆ...'"

"ಟೊರ್ಕೆಲ್, ಆ ಮೇಲ್ ಎಲ್ಲರಿಗೂ ಹೋಗಿದೆ. ನಿನ್ನ ಹತ್ರಾನೂ ಇದೆ."

ಬಾಣ ಖಾಲಿ ಬುಟ್ಟಿಯ ಮೇಲೆ ಹೋಗಿ ನಿಂತಿತು.

"ಐದು ನಿಮಿಷಕ್ಕೆ ಅಂತ ನಿಲ್ಸಿದ್ದು ಕಣೆ. ಅಷ್ಟರಲ್ಲಿ ನೀನು ಬರೋದು ಕಾಣಿಸ್ತು, ಕೇಕ್ ಮೇಲ್ ಬರೆದು ಎದ್ದೆ. ಆಮೇಲೆ ನಿಜವಾಗ್ಲೂ ಮರೆತೆ."

"ಡಿಸ್ಕ್ ಹೋದಾಗ ನೆನಪಾಗಿರ್ಬೇಕಲ್ಲ?"

"ನನಗೆ ಇದು ಎರಡನೇದು ಹೆಲೆವಿ. ನಿನಗೆ ಮೊದಲನೇದು. ನಿನ್ನನ್ನ ತೆಗೆಯಲ್ಲ ಅಂತ ಲೆಕ್ಕ ಹಾಕ್ದೆ."

ಹೆಲೆವಿ ವಿವರಣೆಯ ಖಾಲಿ ಹಾಳೆಯನ್ನು ತೆರೆದಳು. ಅವನ ಬಾಣ ಇನ್ನೂ ಪರದೆಯ ಮೇಲಿತ್ತು. ಅವನು ನೋಡುತ್ತಿರುವಂತೆಯೇ ಒಂದೊಂದೇ ಅಕ್ಷರ ಒತ್ತಿದಳು: 'ಮಾರ್ಚ್ 5ರಂದು ನಾನು ಸ್ಕ್ರೀನ್ ಲಾಕ್ ಮಾಡದೆ ಕಾಫಿಗೆ ಹೋದೆ. ಅದು ನನ್ನ ತಪ್ಪು. ಉಳಿದದ್ದು ಇದರೊಂದಿಗಿರುವ ಇಂದಿನ ರೆಕಾರ್ಡಿಂಗ್‌ನಲ್ಲಿದೆ.'

ಪೂರ್ಣವಿರಾಮ ಬಿದ್ದ ಮೇಲೆ ಬಾಣ ಪರದೆಯಿಂದ ಅಳಿಸಿಹೋಯಿತು.